ಮೊದಲು ಹೊತ್ತವಳ ಭುಜ

ಆ ಗಂಡ ಹೆಂಡತಿ ನಮ್ಮ ದವಾಖಾನೆಗೆ ಬಂದದ್ದು ಗಂಡನ ಭುಜ ತೋರಿಸಲಿಕ್ಕೆ. ಹೆಂಡತಿ ತುಸು ಹಿಂದೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು. ಅಂಗಿ ತೆಗೆಯಲು ಹೇಳಿದೆ. ತನಗಿಂತ ಬಹಳ ಚಿಕ್ಕವಳಾದ ನನ್ನ ಎದುರು ಅಂಗಿ ತೆಗೆಯುವ ಮೊದಲು ಆತ ಸ್ವಲ್ಪ ಹೊತ್ತು ಗೋಡೆ ನೋಡಿದ. ಕಡೆಗೆ ತೆಗೆದು ಹೆಂಡತಿಗೆ ಕೊಟ್ಟ. ಗೋಡೆಯಲ್ಲಿ ಆಕೆಯ ಹಣೆಯ ಮಟ್ಟಕ್ಕೆ ಒಂದು ಗೂಟವಿತ್ತು. ಆಕೆ ಅಂಗಿಯನ್ನು ಬಲಗೈಯಲ್ಲಿ ಇಸಿದುಕೊಂಡು, ಎಡಗೈಗೆ ದಾಟಿಸಿ, ಎಡಗೈಯಿಂದ ಗೂಟಕ್ಕೆ ಹಾಕಿದಳು. ಬಲಗೈ ಸೊಂಟದ ಹತ್ತಿರವೇ ಉಳಿಯಿತು.

“ನಿಮ್ಮ ಬಲಗೈಗಿ ಏನಾಗ್ಯಾದ?” ಎಂದು ಕೇಳಿದೆ.

“ನಂದೇನಿಲ್ರಿ ಬಾಯಿ. ಇವರದು ನೋಡ್ರಿ.”

“ಎಡಗೈಲೆ ಹಾಕಿದ್ರಲ್ಲ?”

“ಅದು ಹಂಗ ರೂಢಿ ಆಗ್ಯಾದ್ರಿ.”

ಗಂಡ ನಕ್ಕ. “ಆಕಿ ಕಬ್ಬಿಣದಾಕಿ ಅದಾಳ್ರಿ ಡಾಕ್ಟರಬಾಯಿ. ಮುರಿದು ಕುಂತಾಂವ ನಾನು.”

ನಾನು ಡಾಕ್ಟರಲ್ಲ, ವ್ಯಾಯಾಮ ಮತ್ತು ಶಾಖದಿಂದ ಚಿಕಿತ್ಸೆ ಮಾಡುವವಳು ಎಂದು ಹೇಳಿ ಹೇಳಿ ಆ ಹೊತ್ತಿಗೆ ಸಾಕಾಗಿತ್ತು. ಮುಂಬಯಿಯಲ್ಲಿ ಓದು ಮುಗಿಸಿ ಬಂದ ನನಗೆ ಶಹಾಬಾದದ ಆ ದವಾಖಾನೆಯಲ್ಲಿ ಒಂದು ಉದ್ದನೆಯ ಕೋಣೆ, ಒಂದು ಪರದೆ ಮತ್ತು ಒಬ್ಬ ಆಯಾ ಸಿಕ್ಕಿದ್ದರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಕೆಲವು ವರ್ಷವಾಗಿದ್ದರೂ ನಮ್ಮ ಕಂಬಳಿಗಳ ಮೇಲೆ ಮೈಸೂರು ರಾಜ್ಯದ ಮುದ್ರೆಯೇ ಇತ್ತು.

ಗಂಡ ಕಲ್ಲುಗಣಿಯಲ್ಲಿ ಹಮಾಲ. ನೆಲಕ್ಕೆ ಹಾಸುವ ಪರಸಿ ಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ಲಾರಿಗೆ ಏರಿಸುವುದು ಆತನ ಕೆಲಸ. ಕೈಯನ್ನು ಪಕ್ಕದಿಂದ ಮೇಲೆತ್ತಲು ಹೇಳಿದೆ. ಭುಜದ ಮಟ್ಟಕ್ಕೆ ಬರುವಾಗ ಮುಖ ಕಿವುಚಿತು, ಆ ಮಟ್ಟ ದಾಟಿ ಮೇಲೆ ಹೋದಾಗ ಸಡಿಲವಾಯಿತು. ತೋಳನ್ನು ಎತ್ತುವ ಸ್ನಾಯುವಿನ ತುದಿ ಒಂದು ಹುರಿಯಂತೆ ಭುಜದ ಎಲುಬಿನ ಚಾವಣಿಯ ಕೆಳಗೆ ಹಾದುಹೋಗುತ್ತದೆ. ಹುರಿ ಊದಿಕೊಂಡಿದ್ದರೆ ನಡುವಿನ ಒಂದು ಹಂತದಲ್ಲಿ ಚಾವಣಿಗೆ ಉಜ್ಜುತ್ತದೆ, ದಾಟಿದರೆ ಬಿಡುತ್ತದೆ. ಆತನದು ಪಾಠದಲ್ಲಿ ಓದಿದಂತೆಯೇ ಇದ್ದ ನೋವು.

ಹೆಂಡತಿಯನ್ನು ನಾನೇ ಪರದೆಯ ಹಿಂದೆ ಕರೆದೊಯ್ದೆ. ಆಯಾ ಜೊತೆಗೆ ನಿಂತಳು. ಬಲಗೈ ಎತ್ತಲು ಹೇಳಿದರೆ ಕೈಗಿಂತ ಮೊದಲು ಭುಜವೇ ಕಿವಿಯ ಕಡೆ ಏರಿತು, ಮೈ ಎಡಕ್ಕೆ ವಾಲಿತು.

“ತಲಿ ಹಿಕ್ಕೋಳಾಕ ಆಗ್ತದೇನು?”

“ಆಗ್ತದ್ರಿ.”

ಬಾಚಣಿಗೆ ಕೊಟ್ಟೆ. ಆಕೆ ಅದನ್ನು ಎದೆಯ ಮಟ್ಟಕ್ಕೆ ಹಿಡಿದು, ಕುತ್ತಿಗೆ ಬಗ್ಗಿಸಿ, ತಲೆಯನ್ನೇ ಅದರ ಹತ್ತಿರ ತಂದಳು.

ಆಯಾಗೆ ನಗು ತಡೆಯಲಾಗಲಿಲ್ಲ. “ಏ ತಂಗಿ, ಬಾಚಣಗಿ ತಲಿಗಿ ಬರಬೇಕು. ತಲಿ ಬಾಚಣಗಿ ಮನಿಗಿ ಹೊಂಟದಲ್ಲ!”

ಆಕೆಗೂ ನಗು ಬಂತು. ನಗುತ್ತಲೇ ಕಣ್ಣು ತುಂಬಿಕೊಂಡವು. ಆಕೆಯ ತುರುಬು ಅಚ್ಚುಕಟ್ಟಾಗಿ, ಬಿಗಿಯಾಗಿ ಇತ್ತು. ಅದನ್ನು ಯಾರು ಕಟ್ಟಿದರೆಂದು ಕೇಳಿದೆ.

“ನನ್ನ ಜೋಡಿಯಾಕಿ ಕಟ್ತಾಳ್ರಿ. ಖಣಿಯೊಳಗ ನನ್ನ ಜೋಡಿ ಬುಟ್ಟಿ ಹೊರಾಕಿ. ಮುಂಜಾನಿ ಹೋದ ಕೂಡ್ಲೆ ಗುಡಸಲ ಹಿಂದ ಕುಂದರಿಸಿ ಕಟ್ತಾಳ.”

“ಯಾವಾಗಿಂದ?”

“ದಸರಾಕಿಂತ ಮೊದಲಿಂದ.”

ಆಗ ಯುಗಾದಿ ಕಳೆದಿತ್ತು. ಬಿಸಿಲು ಏರುತ್ತಿತ್ತು.

ಆಕೆ ನನ್ನ ಮುಂಗೈ ಹಿಡಿದುಕೊಂಡಳು. “ಮೇಸ್ತ್ರಿಗಿ ತಿಳೀಬಾರದ್ರಿ ಬಾಯಿ. ಹೆಣ್ಣಾಳಿಗಿ ಜೋಡಿ ಇದ್ರ ಕೆಲಸ. ನನ್ನ ಕೈ ಏಳಂಗಿಲ್ಲ ಅಂದ್ರ ನಾ ಅಷ್ಟೇ ಅಲ್ಲ, ಆಕೀನೂ ಮನಿಗಿ. ಆಕಿ ಮನ್ಯಾಗ ದುಡಿಯವರು ಬ್ಯಾರೆ ಯಾರೂ ಇಲ್ಲ.”

ಹೀಗೆ ಆ ಭುಜದ ಮೇಲೆ ಇಬ್ಬರ ಅನ್ನ ನಿಂತಿತ್ತು. ಯಾರಿಗೂ ಹೇಳುವುದಿಲ್ಲವೆಂದೆ. ಬೇರೆ ಭರವಸೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಎಲುಬಿನ ಡಾಕ್ಟರು ಕಲಬುರಗಿಯಿಂದ ಗೊತ್ತುಪಡಿಸಿದ ದಿನಗಳಲ್ಲಿ ರೈಲಿಗೆ ಬರುತ್ತಿದ್ದರು. ಹಿರಿಯರು, ಸಮಾಧಾನಿ. ಎಕ್ಸ್‌ರೇ ಹಾಳೆಯನ್ನು ತಾವೇ ಕಿಟಕಿಗೆ ಹಿಡಿದು ನೋಡುವವರು. ಗಂಡನ ಭುಜ ಒತ್ತಿ ನೋಡಿ, “ಕೆಲಸದ ಪೆಟ್ಟು. ಹೊರಿ ಬಿಡಲಿ, ಶಾಖ ಕೊಡ್ರಿ” ಎಂದರು. ಹೆಂಡತಿಯ ಕೈ ಹಿಡಿದು ತಿರುಗಿಸಿ ನೋಡಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಇದು ವಯಸ್ಸಿಂದು. ಮುಟ್ಟು ನಿಲ್ಲೋ ಕಾಲಕ್ಕ ಹೆಣ್ಣುಮಕ್ಕಳ ಭುಜ ಹಿಡೀತದ. ವರ್ಷ ಎರಡು ವರ್ಷಕ್ಕ ತಾನ ಬಿಡ್ತದ.”

ಅದು ಮನಸ್ಸಿಗೆ ಬಂದಂತೆ ಆಡಿದ ಮಾತಲ್ಲ. ನಾನೂ ಅದನ್ನೇ ಓದಿದ್ದೆ. ಆ ವಯಸ್ಸಿನ ಹೆಂಗಸರಲ್ಲಿ ಕೀಲು ಬಿಗಿದುಕೊಳ್ಳುವುದು ಹೆಚ್ಚು, ಸಕ್ಕರೆ ರೋಗವಿದ್ದವರಲ್ಲಿ ಇನ್ನೂ ಹೆಚ್ಚು. ಆಕೆಗೆ ಸಕ್ಕರೆ ಇರಲಿಲ್ಲ. ಇಬ್ಬರಿಗೂ ಒಂದೇ ಕ್ರಮ ಶುರು ಮಾಡಿದೆ.

ಮೊದಲು ವಿದ್ಯುತ್ ಯಂತ್ರದ ಶಾಖ. ಕರೆಂಟು ಹೋದರೆ ಆಯಾ ಬಿಸಿ ಮಾಡಿ ಕೊಡುವ ಉಪ್ಪಿನ ಗಂಟು. ಆಮೇಲೆ ಮೇಜಿಗೆ ಒಂದು ಕೈ ಊರಿ ಬಗ್ಗಿ, ನೋಯುವ ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಗಡಿಯಾರದ ಲೋಲಕದಂತೆ ತೂಗುವುದು. ಮುಂಗೈಗೆ ಕಟ್ಟಲು ಹಗುರ ತೂಕ ಬೇಕಾಗಿತ್ತು. ಪರಸಿಯ ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದುಕೊಂಡಿದ್ದೆ. ನೋವು ಇಳಿದ ಮೇಲೆ ಗೋಡೆಗೆ ಜಡಿದ ಪಟ್ಟಿಗಳ ಮೇಲೆ ಬೆರಳು ನಡೆಸುತ್ತ ಕೈ ಏರಿಸುವುದು, ಕಡೆಗೆ ತೊಲೆಗೆ ಕಟ್ಟಿದ ಗಾಲಿಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುವುದು.

ಗಂಡನಿಗೆ ಮೇಸ್ತ್ರಿ ಹಗುರ ಕೆಲಸ ಕೊಟ್ಟ. ಲಾರಿಯ ಹತ್ತಿರ ನಿಂತು ಕಲ್ಲು ಹೊಂದಿಸುವವರಿಗೆ ಜಾಗ ತೋರಿಸುವುದು. ಗಂಡಾಳಿಗೆ ಹೆಗಲು ನೋಯುವುದು ಅಲ್ಲಿ ನಾಚಿಕೆಯ ವಿಷಯವಾಗಿರಲಿಲ್ಲ. ಹೆಗಲ ಮೇಲೆ ಗಡ್ಡೆ ಕಟ್ಟಿದ್ದನ್ನು ಅವರು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಆತ ದಿನದಿನಕ್ಕೆ ಸುಧಾರಿಸಿದ. ಗಾಲಿಯ ಹಗ್ಗ ಜಗ್ಗುವಾಗ, “ಬಾವ್ಯಾಗ ನೀರಿಲ್ಲ, ಕೊಡ ಇಲ್ಲ, ಸುಮ್ಮ ಜಗ್ಗಸ್ಲಿಕತ್ತೀರಲ್ರಿ ಬಾಯಿ” ಎಂದು ಉಳಿದವರನ್ನು ನಗಿಸುತ್ತಿದ್ದ.

ಹೆಂಡತಿ ಕೆಲಸ ಬಿಟ್ಟ ಮೇಲೆ, ಹೊತ್ತು ಮುಳುಗುವ ಮುಂಚೆ ಬರುತ್ತಿದ್ದಳು. ಹುಬ್ಬಿನ ಮೇಲೆಲ್ಲ ಕಲ್ಲಿನ ಬಿಳಿ ಪುಡಿ. ಕೋನ ಅಳೆಯುವ ಪಟ್ಟಿಯನ್ನು ಆಕೆಯ ತೋಳಿಗೆ ಹಿಡಿದರೆ ಪ್ರತಿ ವಾರವೂ ಕೈ ಹೋದ ವಾರಕ್ಕಿಂತ ಕೆಳಗೇ ನಿಲ್ಲುತ್ತಿತ್ತು. ಹಗ್ಗ ಜಗ್ಗಿದ ದಿನ ನೋವು ಇನ್ನೂ ಹೆಚ್ಚಾಯಿತು. ಹಗ್ಗ ಬಿಡಿಸಿದೆ.

“ಕೈಗಿ ವಿಶ್ರಾಂತಿ ಕೊಡ್ಲಿಕತ್ತೀರೇನು?”

“ಕೊಡ್ಲಿಕತ್ತೀನ್ರಿ. ಮೊದಲು ನಿಂತು ರೊಟ್ಟಿ ಬಡೀತಿದ್ದೆ, ಈಗ ಕುಂತು ಬಡೀತೀನಿ.”

“ನೀರು?”

“ಅದೂ ಕಮ್ಮಿ ಮಾಡೀನ್ರಿ. ಇವರ ಜಳಕಕ್ಕಷ್ಟೇ ಎರಡು ಕೊಡ ಜಾಸ್ತಿ. ಇವರಿಗಿ ಕೈ ನೋವಲ್ರಿ, ಬಿಸಿನೀರು ಭಾಳ ಬೇಕಾಗ್ತದ.”

ಆಯಾ ಉಪ್ಪಿನ ಗಂಟನ್ನು ಮೇಜಿನ ಮೇಲೆ ಜೋರಾಗಿ ಇಟ್ಟಳು. “ಗಂಡನ ಭುಜಕ್ಕ ಹೆಂಡ್ತಿ ಕೈಲೆ ಔಷಧ! ಚಲೋ ಅದ ಬಿಡು.”

ಮುಂದಿನ ಸಲ ಡಾಕ್ಟರು ಬಂದಾಗ ಆಕೆಯ ಕೈ ಎದೆಯ ಮಟ್ಟಕ್ಕೂ ಸರಿಯಾಗಿ ಏರಲಿಲ್ಲ. ಅವರು ಯೋಚಿಸಿ, ಕಲಬುರಗಿಗೆ ಕರೆಸಿ, ಮದ್ದು ಕೊಟ್ಟು ನಿದ್ದೆ ಮಾಡಿಸಿ, ಕೈಯನ್ನು ತಿರುವಿ ಬಿಗಿತ ಬಿಡಿಸೋಣವೆಂದರು. ಆಗ ಅದು ಒಪ್ಪಿತವಾದ ಚಿಕಿತ್ಸೆಯೇ. ಹಲವರಿಗೆ ಅದರಿಂದ ಗುಣವಾಗಿತ್ತು. ಆದರೆ ಆಮೇಲೆ ಎಷ್ಟೋ ವಾರ ಭಾರ ಎತ್ತುವಂತಿಲ್ಲ. ಗಣಿಯಲ್ಲಿ ಗುಟ್ಟು ಉಳಿಯುವುದಿಲ್ಲ.

ನನಗೆ ಇನ್ನೊಂದು ಭಯವಿತ್ತು. ಆಕೆಯ ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ಮುಂಗೈಯನ್ನು ಹೊರಕ್ಕೆ ತಳ್ಳಲು ಹೇಳಿ ನಾನು ತಡೆದು ನೋಡಿದ್ದೆ. ಬರೀ ಬಿಗಿದ ಕೀಲಾಗಿದ್ದರೆ ಅಲ್ಲಿ ಬಲ ಇರಬೇಕಿತ್ತು. ಬಲ ಇರಲಿಲ್ಲ. ಬಿಗಿತದ ಕೆಳಗೆ ಹುರಿಯೇ ಸವೆದಿದೆ ಎಂದು ನನಗೆ ಅನಿಸಿತು. ಸವೆದ ಹುರಿ ಇರುವ ಕೈಯನ್ನು ನಿದ್ದೆಯಲ್ಲಿ ಬಲವಂತವಾಗಿ ತಿರುವಿದರೆ ಅದು ಹರಿಯಬಹುದು. ಡಾಕ್ಟರ ಎದುರು ಈ ಮಾತು ಎತ್ತಲಿಲ್ಲ. ಅನಿಸಿಕೆಯೊಂದನ್ನು ಬಿಟ್ಟರೆ ಹೇಳಲು ನನ್ನ ಹತ್ತಿರ ಆಧಾರವಿರಲಿಲ್ಲ. ಆ ಹುರಿ ಹಾಗೆ ಸವೆಯಲು ಕಾರಣವೇನು? ಬುಟ್ಟಿ ಇರುವುದು ತಲೆಯ ಮೇಲೆ. ಭಾರ ಕುತ್ತಿಗೆಯದು, ಭುಜದ್ದಲ್ಲ.

ಆ ಭಾನುವಾರ ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ, ಸೇಡಂಗೆ ನಮ್ಮ ಮನೆಗೆ ಹೋದೆ. ಊಟಕ್ಕೆ ಕೂತಾಗ ಅವ್ವ ಉಪ್ಪಿನಕಾಯಿ ಬಡಿಸಿದಳು. ಭರಣಿ ಮೊದಲೆಲ್ಲ ಮೇಲಿನ ಗೂಡಿನಲ್ಲಿರುತ್ತಿತ್ತು. ಈಗ ಕೆಳಗಿತ್ತು. ಅದೊಂದೇ ಅಲ್ಲ, ಬೆಲ್ಲದ ಡಬ್ಬಿ, ಎಣ್ಣೆಯ ಗಿಂಡಿ ಎಲ್ಲವೂ ಕೆಳಗಿನ ಗೂಡಿಗೆ ಇಳಿದಿದ್ದವು.

“ಅವ್ವಾ, ಕೈ ಮ್ಯಾಲ ಹೋಗಲ್ದೇನು?”

“ಯಾಕ ಹೋಗಂಗಿಲ್ಲ? ಕೆಳಗಿದ್ರ ಚಂದ ಕಾಣಸ್ತದ ಅಂತ ಇಟ್ಟೀನಿ.”

ಊಟದ ನಂತರ ಉಪ್ಪಿನ ಗಂಟು ಮಾಡಿ ಶಾಖ ಕೊಟ್ಟೆ. ಅವ್ವ ಬೇಡವೆನ್ನಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಕೋಣೆಗೆ ಬಂದ ಗಂಡಸರು ತಾವು ಬಿಟ್ಟ ಕೆಲಸ ಯಾವುದೆಂದು ಹೇಳುತ್ತಿದ್ದರು. ಹೆಂಗಸರು ಯಾವ ಕೆಲಸವನ್ನೂ ಬಿಟ್ಟಿರುತ್ತಿರಲಿಲ್ಲ. ಕೆಲಸದ ಜಾಗ ಬದಲಿಸಿರುತ್ತಿದ್ದರು, ಕೈ ಬದಲಿಸಿರುತ್ತಿದ್ದರು, ತುರುಬು ಕಟ್ಟುವವರನ್ನು ಬದಲಿಸಿರುತ್ತಿದ್ದರು. ಏನು ಮಾಡಲಾಗುವುದಿಲ್ಲ ಎಂದು ಅವರನ್ನು ಕೇಳಿ ಫಲವಿಲ್ಲ. ಹೇಗೆ ಮಾಡುತ್ತಿದ್ದಾರೆ ಎಂದು ಹೋಗಿ ನೋಡಬೇಕು.

ಆಯಾಳನ್ನು ಜೊತೆಗೆ ಕರೆದುಕೊಂಡು ಮುಂಜಾನೆಯೇ ಗಣಿಗೆ ಹೋದೆ. ಕಣ್ಣಿಗೆ ಧೂಳು ಬಿದ್ದವರನ್ನು ನೋಡಲು ಬಂದಿದ್ದೇವೆಂದು ಆಯಾ ಮೇಸ್ತ್ರಿಗೆ ಹೇಳಿದಳು. ಹಾಗೆ ಹೇಳೆಂದು ನಾನು ಹೇಳಿರಲಿಲ್ಲ. ಆದರೂ ಕೆಲವರ ಕಣ್ಣು ತೊಳೆದು ಮಾತನ್ನು ಖರೆ ಮಾಡಿದೆವು.

ಗಂಡಾಳುಗಳು ಕಲ್ಲು ಸೀಳುವಾಗ ಬಿದ್ದ ಚಕ್ಕೆಗಳನ್ನು ಬುಟ್ಟಿಗೆ ತುಂಬಿ, ದೂರದ ದಿಬ್ಬಕ್ಕೆ ಸುರಿದು ಬರುವುದು ಹೆಂಗಸರ ಕೆಲಸ. ನಮ್ಮ ರೋಗಿಯ ಜೋಡಿಯಾಕೆ ಮುಸ್ಲಿಮರ ಮನೆಯ ಗಟ್ಟಿಮುಟ್ಟಾದ ಹುಡುಗಿ. ಎಲ್ಲರೂ ಆಕೆಯನ್ನು ಬೂಬು ಎನ್ನುತ್ತಿದ್ದರು. ಇಬ್ಬರೂ ಬುಟ್ಟಿ ತುಂಬಿಕೊಂಡರು. ಇಬ್ಬರೂ ಸೇರಿ, ನಾಲ್ಕೂ ಕೈಯಿಂದ ಒಂದು ಬುಟ್ಟಿಯನ್ನು ಎತ್ತಿ, ಹಿರಿಯಳು ಬಗ್ಗಿಸಿದ ತಲೆಯ ಮೇಲಿನ ಬಟ್ಟೆಯ ಸಿಂಬಿಯ ಮೇಲೆ ಕೂರಿಸಿದರು. ಇಷ್ಟರಲ್ಲಿ ಕಷ್ಟವೇನೂ ಕಾಣಲಿಲ್ಲ.

ಇನ್ನು ಉಳಿದದ್ದು ಬೂಬುವಿನ ಬುಟ್ಟಿ. ಹಿರಿಯಳ ತಲೆಯ ಮೇಲೆ ಆಗಲೇ ಭಾರವಿದೆ, ಬಗ್ಗುವಂತಿಲ್ಲ. ಆಕೆ ಎಡಗೈಯಿಂದ ತನ್ನ ಬುಟ್ಟಿ ಹಿಡಿದು, ಕುತ್ತಿಗೆ ನೆಟ್ಟಗಿಟ್ಟು, ಮೊಣಕಾಲು ಮಡಿಸಿ ಇಳಿದು, ಬಲಗೈ ಒಂದನ್ನೇ ಮುಂದಕ್ಕೆ ಚಾಚಿ ಬೂಬುವಿನ ಬುಟ್ಟಿಯ ಅಂಚು ಹಿಡಿದಳು. ಬೂಬು ತನ್ನ ಕಡೆಯಿಂದ ಎತ್ತಿದಳು. ಕಲ್ಲು ತುಂಬಿದ ಬುಟ್ಟಿಯ ಅರ್ಧ ಭಾರ ಮೈಯಿಂದ ದೂರ ಚಾಚಿದ ಆ ಒಂದೇ ತೋಳಿನ ಮೇಲೆ ನೆಲದಿಂದ ಏರತೊಡಗಿತು. ಹುರಿ ಚಾವಣಿಗೆ ಉಜ್ಜುವ ಹಂತಕ್ಕೆ ಬಂದಾಗ ಆಕೆಯ ತುಟಿ ಬಿಗಿದುಕೊಂಡಿತು. ಅದನ್ನು ಕಂಡ ಬೂಬು ತಾನೇ ತಲೆ ತಗ್ಗಿಸಿ ಬುಟ್ಟಿಯ ಕೆಳಗೆ ನುಗ್ಗಿದಳು. ಸುರಿದು ಬಂದರು, ತುಂಬಿಕೊಂಡರು. ಮತ್ತೆ ಅದೇ.

ಅವರು ನೀರು ಕುಡಿಯಲು ಕೂತಾಗ ಕೇಳಿದೆ: “ಯಾವಾಗ್ಲೂ ಅಕ್ಕಗ ಮೊದಲು ಹೊರಸ್ತೀರೇನು?”

ಬೂಬು ನನ್ನನ್ನು ವಿಚಿತ್ರವಾಗಿ ನೋಡಿದಳು. “ಮತ್ತ? ಹಿರ್ಯಾಕಿ ಅಲ್ರಿ! ನಾ ಮೊದಲು ಹೊತ್ಕೊಂಡು, ನನಗ ಹೊರಸಿ ಅಕ್ಕ ಕಾಯ್ಕೋತ ನಿಂದರಬೇಕೇನು? ನಮ್ಮ ಅಮ್ಮಿಗಿ ತಿಳಿದ್ರ ಮನ್ಯಾಗ ಕಾಲಿಡಸ್ಕೊಡಂಗಿಲ್ಲ.”

ಸುತ್ತಲೂ ನೋಡಿದೆ. ಎಲ್ಲ ಜೋಡಿಗಳಲ್ಲೂ ಅದೇ ಮರ್ಯಾದೆ. ಹಿರಿಯಳಿಗೆ ಮೊದಲು ಹೊರಿಸುವುದು. ಆ ಮರ್ಯಾದೆಯ ಕಾರಣಕ್ಕೇ ಒಂಟಿ ಕೈಯಿಂದ ಎತ್ತುವ ಕೆಲಸ ಪ್ರತಿ ಸಲವೂ ಹಿರಿಯಳ ಪಾಲಿಗೆ ಬರುತ್ತಿತ್ತು. ತುರುಬು ಯಾರು ಯಾರದನ್ನು ಕಟ್ಟುತ್ತೀರಿ ಎಂದು ಕೇಳಿದೆ. ನಗೆ ಎದ್ದಿತು. ಹಿರಿಯರಲ್ಲಿ ಹಲವರು ತಮ್ಮ ಜೋಡಿಯವರ ಕಡೆ ಕೈ ತೋರಿಸಿದರು. ತೋರಿಸಿದ ಕೈ ಎಡಗೈ.

ಹಿಂದಿರುಗುವ ದಾರಿಯಲ್ಲೇ ನಿರ್ಧಾರ ಮಾಡಿದೆ. ಕಲಬುರಗಿಯ ಚಿಕಿತ್ಸೆಯನ್ನು ತಡೆಯಬೇಕು, ಅದನ್ನು ನಾನೇ ಡಾಕ್ಟರಿಗೆ ಹೇಳಬೇಕು. ನನ್ನಂಥವಳಿಗೆ ಅದು ಸಣ್ಣ ಕೆಲಸವಾಗಿರಲಿಲ್ಲ. ಮಾತಿನಲ್ಲಿ ಹೇಳಿದರೆ ನಡುವೆ ನಿಂತುಬಿಡುತ್ತೇನೆಂದು ಗೊತ್ತಿತ್ತು. ಡಾಕ್ಟರು ಬಂದ ದಿನ, ರೋಗಿಗಳು ಒಳಗೆ ಬರುವ ಮುಂಚೆ, ಕಲ್ಲು ತುಂಬಿದ ಬುಟ್ಟಿಯೊಂದನ್ನು ಆಯಾಳ ಮುಂದಿಟ್ಟೆ. ಗಣಿಯಲ್ಲಿ ಹಿರಿಯ ಹೆಣ್ಣಾಳುಗಳು ಎತ್ತುವುದು ಹೀಗೆ ಎಂದಷ್ಟೇ ಹೇಳಿ, ಮರಳಿನ ಚೀಲವೊಂದನ್ನು ನನ್ನ ತಲೆಯ ಮೇಲೆ ಹೊತ್ತು, ಮೊಣಕಾಲು ಮಡಿಸಿ, ಬಲಗೈ ಚಾಚಿ, ಆಯಾಳ ತಲೆಗೆ ಬುಟ್ಟಿ ಎತ್ತಿಕೊಡಲು ಹೊರಟೆ. ಅರ್ಧಕ್ಕೆ ಬರುವಷ್ಟರಲ್ಲಿ ಕೈ ಸೋತು ಬುಟ್ಟಿ ನೆಲಕ್ಕೆ ಬಿತ್ತು.

ಡಾಕ್ಟರು ಎದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮರಳಿನ ಚೀಲ ಇಸಿದುಕೊಂಡು ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

“ಸಾಹೇಬ್ರ, ಕುತ್ತಿಗಿ ಜ್ವಾಕಿ” ಎಂದಳು ಆಯಾ.

ಅವರೂ ಒಮ್ಮೆ ಎತ್ತಿ ನೋಡಿದರು. ಇನ್ನೊಮ್ಮೆ ನೋಡಿದರು. ಚೀಲ ಇಳಿಸಿ ಭುಜ ತಿಕ್ಕಿಕೊಳ್ಳುತ್ತ ಕುರ್ಚಿಯಲ್ಲಿ ಕೂತರು.

“ಗಂಡಗ ಕೆಲಸದ ಪೆಟ್ಟು ಅಂದೆ, ಹೆಂಡ್ತಿಗಿ ವಯಸ್ಸು ಅಂದೆ” ಎಂದರು. “ಇಬ್ಬರ ವಯಸ್ಸೂ ಹೆಚ್ಚುಕಮ್ಮಿ ಒಂದ ಅದ, ಅಲ್ಲೇನಮ್ಮ?”

ಆಗ ನಾನು ಬಲ ಕಡಿಮೆಯಿರುವುದನ್ನು, ಹುರಿ ಸವೆದಿರಬಹುದು ಎಂಬ ಸಂದೇಹವನ್ನು ಹೇಳಿದೆ. ಅವರು ತಾವೇ ಮತ್ತೊಮ್ಮೆ ಪರೀಕ್ಷಿಸಿದರು. ಮಳೆಗಾಲ ಹಿಡಿಯುವವರೆಗೆ ಸಮಯ ಕೊಟ್ಟರು. “ಅಷ್ಟರಾಗ ಕೈ ಏರದಿದ್ರ ನನ್ನ ದಾರಿ” ಎಂದರು. ಅನುಭವದಲ್ಲೂ ಸ್ಥಾನದಲ್ಲೂ ನನಗಿಂತ ಎಷ್ಟೋ ಮೇಲಿದ್ದವರು ತಲೆಯ ಮೇಲೆ ಚೀಲ ಹೊತ್ತು ನೋಡಿದ ಆ ಹೊತ್ತನ್ನು ನಾನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಮೊದಲು ನನಗೆ ತೋಚಿದ್ದು ಸರಳ ಉಪಾಯ. ಬೂಬುವಿಗೆ ಮೊದಲು ಹೊರಿಸುವುದು, ಹಿರಿಯಳಿಗೆ ಆಮೇಲೆ. ಬೂಬು ಕಿವಿ ಮುಚ್ಚಿಕೊಂಡಳು. ಅಕ್ಕನ ಕೈಗಾಗಿ ಎಂದು ಒಪ್ಪಿಸಿದೆ. ಮರುದಿನವೇ ಉಳಿದವರು ಶುರು ಮಾಡಿದರು: “ಏನ್ ಬೂಬು, ಭಾಳ ದೊಡ್ಡಾಕಿ ಆದಿ? ನಾಳಿ ಅಕ್ಕನ ಕೈಲೆ ಕಾಲು ಒತ್ತಸ್ಕೋ!” ಬೂಬು ಅಳುತ್ತ ಕೂತಳು. ಅದನ್ನು ನೋಡಲಾರದೆ ನಮ್ಮ ರೋಗಿಯೇ ಹಳೆಯ ಕ್ರಮಕ್ಕೆ ಮರಳಿದಳು. ನಾನೂ ಒತ್ತಾಯಿಸಲಿಲ್ಲ. ಸರದಿ ಬದಲಾದರೆ ಹಿರಿಯಳ ನೋವು ಬೂಬುವಿನ ಭುಜಕ್ಕೆ ದಾಟುತ್ತಿತ್ತು, ಅಷ್ಟೇ.

ಆ ವಾರ ಗಂಡ ಗಾಲಿಯ ಹಗ್ಗ ಜಗ್ಗುತ್ತಿದ್ದಾಗ ಕೇಳಿದೆ, “ನೀವು ಕಲ್ಲು ಹೆಗಲಿಗಿ ಹ್ಯಾಂಗ ತಗೋತೀರಿ? ನೆಲದಿಂದ ಎತ್ತಾದೇನು?”

“ನೆಲದಿಂದ ಯಾರು ಎತ್ತತಾರ್ರಿ? ಕಟ್ಟಿ ಮ್ಯಾಲ ಜೋಡಿಸಿಟ್ಟಿರ್ತಾರ. ಹೆಗಲು ಹಚ್ಚಿ ಜಾರಿಸ್ಕೋತೀವಿ.”

“ಹೆಣ್ಣಾಳಿಗಿ ಕಟ್ಟಿ ಯಾಕಿಲ್ಲ?”

ಆತ ಹಗ್ಗ ಜಗ್ಗುವುದನ್ನು ನಿಲ್ಲಿಸಿದ. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಹಾಗೆಯೇ ನಿಂತ.

“ಯಾರೂ ಕೇಳಿಲ್ರಿ” ಎಂದ. ಹಗ್ಗ ಬಿಟ್ಟು, “ನಾನೂ ಕೇಳಿಲ್ಲ” ಎಂದ.

ಮೇಸ್ತ್ರಿಯ ಹತ್ತಿರ ಮೂವರೂ ಹೋದೆವು. ನಾನು, ಆಯಾ, ಆತ. ಯಾರ ಭುಜ ಎಂದು ಹೇಳಲಿಲ್ಲ. ಹೆಣ್ಣಾಳುಗಳಿಗೂ ಒಂದು ಕಟ್ಟೆ ಬೇಕು ಎಂದಷ್ಟೇ ಹೇಳಿದೆ.

“ದವಾಖಾನ್ಯಾಗ ಕುಂತು ಖಣಿ ನಡಸ್ತೀರೇನು ಬಾಯಿ?” ಎಂದ ಮೇಸ್ತ್ರಿ. “ಚಕ್ಕಿ ಇವತ್ತು ಇಲ್ಲಿ ಬೀಳ್ತಾವ, ನಾಳಿ ಅಲ್ಲಿ. ಕಟ್ಟಿ ಬೆನ್ನಹತ್ತಿ ಬರ್ತದೇನು?”

“ಗಾರಿ ಹಚ್ಚಿ ಕಟ್ಟಂಗಿಲ್ರಿ ಮೇಸ್ತ್ರಿ” ಎಂದ ಆತ. “ಎರಡು ಕಲ್ಲು ನಿಂದರಸೋದು, ಒಂದು ಅಡ್ಡ ಇಡೋದು. ಚಕ್ಕಿ ಹೋದಲ್ಲಿ ನಾವೂ ಒಯ್ತೀವಿ.”

ಆಯಾ ಸೇರಿಸಿದಳು: “ಕಲ್ಲಿನ ಊರಾಗ ಮೂರು ಕಲ್ಲಿಗಿ ಬರ ಬಂದದೇನ್ರಿ?”

ಮೇಸ್ತ್ರಿ ಉಗುಳಿ, ಒಡೆದ ಕಲ್ಲುಗಳ ರಾಶಿಯ ಕಡೆ ಕೈ ತೋರಿಸಿದ. “ಅದರಾಗ ತಗೋರಿ. ಕೆಲಸ ಹಿಂದ ಬಿದ್ರ ನಾನ ಒದ್ದು ಬೀಳಸ್ತೀನಿ.”

ಗಂಡ ತನ್ನ ಗೆಳೆಯರನ್ನು ಕರೆದು, ಕಲ್ಲುಗಳ ಬುಡ ಹುಗಿದು, ಮೇಲೊಂದು ಅಡ್ಡ ಇಟ್ಟ. ಮಾರನೆಯ ದಿನ ನಾನು ಹೋಗಿ ನೋಡಿದರೆ ಹೆಂಗಸರು ಅದರ ಮುಂದೆ ತುದಿಗಾಲಲ್ಲಿ ನಿಂತು ನಗುತ್ತಿದ್ದರು. ಆತ ಅದನ್ನು ತನ್ನ ಹೆಗಲಿನ ಮಟ್ಟಕ್ಕೆ ನಿಲ್ಲಿಸಿದ್ದ.

“ಇದ್ರ ಮ್ಯಾಲ ಬುಟ್ಟಿ ಇಡಬೇಕಂದ್ರ ನಿಚ್ಚಣಿಕಿ ಬೇಕು” ಎಂದಳು ಬೂಬು. “ಮಾವ, ನಿನ್ನ ಹೆಂಡ್ತಿ ಎಷ್ಟು ಎತ್ತರ ಅದಾಳಂತ ಇಷ್ಟು ವರ್ಷ ನೋಡೇ ಇಲ್ಲೇನು?”

ಆತನ ಕಿವಿ ಕೆಂಪಾಯಿತು. ಹೆಂಡತಿಯನ್ನು ಕಲ್ಲಿನ ಪಕ್ಕ ನಿಲ್ಲಿಸಿದೆ. ಆಕೆಯ ಕಂಕುಳಿಗಿಂತ ತುಸು ಕೆಳಗೆ ಇದ್ದಿಲಿನಿಂದ ಗೀರು ಹಾಕಿದೆ. ಅಷ್ಟು ಎತ್ತರಕ್ಕಾದರೆ ಇಬ್ಬರೂ ಎರಡೆರಡು ಕೈಯಿಂದ, ಬುಟ್ಟಿಯನ್ನು ಮೈಗೆ ಹತ್ತಿರ ಹಿಡಿದು ಎತ್ತಿ ಇಡಬಹುದು, ತೋಳು ಭುಜದ ಮಟ್ಟ ದಾಟುವುದಿಲ್ಲ. ಆಮೇಲೆ ಕಲ್ಲಿನ ಮುಂದೆ ಮೊಣಕಾಲು ಮಡಿಸಿ, ಸಿಂಬಿಯನ್ನು ಅಂಚಿಗೆ ಹಚ್ಚಿ, ಬುಟ್ಟಿಯನ್ನು ತಲೆಯ ಮೇಲೆ ಜಾರಿಸಿಕೊಂಡು ಎದ್ದರಾಯಿತು. ಯಾರೂ ಯಾರಿಗೂ ಒಂಟಿ ಕೈ ಕೊಡಬೇಕಿಲ್ಲ. ಆತ ಕಲ್ಲು ಕಿತ್ತು ಗೀರಿಗೆ ಸರಿಯಾಗಿ ಮತ್ತೆ ನಿಲ್ಲಿಸಿದ.

ಎರಡೂ ಬುಟ್ಟಿ ಕಲ್ಲಿನ ಮೇಲೆ ಸಾಲಾಗಿ ಕೂತವು. ಬೂಬು ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಸರಿದಳು. “ಅಕ್ಕಾ, ನೀ ಮೊದಲು” ಎಂದಳು. ಮರ್ಯಾದೆ ಇದ್ದಲ್ಲೇ ಇತ್ತು. ಅದರ ಭಾರವನ್ನಷ್ಟೇ ಕಲ್ಲು ಹೊತ್ತಿತ್ತು.

ಭುಜ ತಕ್ಷಣ ಒಲಿಯಲಿಲ್ಲ. ಬೇಸಿಗೆಯೆಲ್ಲ ತೂಗುವ ವ್ಯಾಯಾಮವೊಂದನ್ನೇ ಮಾಡಿಸಿದೆ. ನಡುವೆ ಒಂದು ವಾರ ನೋವು ಮರುಕಳಿಸಿತು. ಕೇಳಿದರೆ, ಮನೆಯ ಬಾವಿಯ ಹಗ್ಗ. ಆಯಾ ನನ್ನನ್ನು ಕೇಳದೆ ನೇರವಾಗಿ ಗಂಡನಿಗೆ ಹೇಳಿದಳು: “ಇಲ್ಲಿ ಒಣ ಹಗ್ಗ ಜಗ್ಗತೀದಿ. ಮನ್ಯಾಗ ಹಸಿ ಹಗ್ಗ ಜಗ್ಗು. ನಿನ್ನ ವ್ಯಾಯಾಮಾನೂ ಆತು, ನೀರೂ ಬಂತು.” ಆತನ ಭುಜ ಆಗ ಅಷ್ಟಕ್ಕೆ ಸಿದ್ಧವಾಗಿಯೇ ಇತ್ತು, ನಾನೂ ಹೌದೆಂದೆ. ಆತ ಬಾವಿಗೆ ಹೋಗುವುದನ್ನು ಓಣಿಯವರು ಕೆಲವು ದಿನ ಆಡಿಕೊಂಡರಂತೆ. “ಡಾಕ್ಟರಬಾಯಿ ಬರೆದು ಕೊಟ್ಟಾರ” ಎಂದು ಆತ ಹೇಳುತ್ತಿದ್ದನಂತೆ. ನಾನು ಏನೂ ಬರೆದು ಕೊಟ್ಟಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಆಕೆಯ ಬೆರಳು ಗೋಡೆಯ ಪಟ್ಟಿಗಳ ಮೇಲೆ ಹಣೆಯ ಮಟ್ಟ ದಾಟಿದ್ದವು. ಮುಂಗೈಯನ್ನು ಹೊರಕ್ಕೆ ತಳ್ಳುವ ಬಲ ಪೂರ್ತಿ ಮರಳಿರಲಿಲ್ಲ, ಆದರೆ ಬಂದಿತ್ತು. ಡಾಕ್ಟರು ನೋಡಿ, ಕಲಬುರಗಿಗೆ ಬರುವುದು ಬೇಡವೆಂದರು. ಅಂದಿನಿಂದ ಬೇರೆ ಹೆಂಗಸರ ಭುಜ ನೋಡುವಾಗಲೂ ಅವರು ವಯಸ್ಸು ಕೇಳುವ ಮೊದಲು ಕೆಲಸ ಕೇಳತೊಡಗಿದರು. ಎಲ್ಲರದೂ ಬುಟ್ಟಿಯ ನೋವಾಗಿರಲಿಲ್ಲ. ಕೆಲವರದು ನಿಜಕ್ಕೂ ವಯಸ್ಸಿನದು, ಕೆಲವರದು ಸಕ್ಕರೆಯದು. ಕೇಳಿದ ಮೇಲೆ ಅದು ತಿಳಿಯುತ್ತಿತ್ತು.

ಕಡೆಯ ಸಲ ಬಂದಾಗ ಆಕೆ ಮುಂದಿದ್ದಳು, ಗಂಡ ಹಿಂದಿದ್ದ. ಹೊರಗೆ ಸಣ್ಣ ಮಳೆ. ಆತನ ರುಮಾಲು ತೊಯ್ದಿತ್ತು. ಅದನ್ನು ತೆಗೆದು ಹಿಂಡಲು ಹೋದ ಆತ, ನೆಲ ಒದ್ದೆಯಾಗುತ್ತದೆಂದು ಆಯಾ ಗದರಿದ್ದರಿಂದ ಏನು ಮಾಡುವುದೆಂದು ತಿಳಿಯದೆ ನಿಂತ. “ಕೊಡ್ರಿ ಇಲ್ಲಿ” ಎಂದು ಆಕೆ ಇಸಿದುಕೊಂಡಳು. ಗಣಿಯಲ್ಲಿ ಇನ್ನೂ ನಾಲ್ಕು ಕಡೆ ಹೆಣ್ಣಾಳುಗಳು ಕಲ್ಲು ನಿಲ್ಲಿಸಿಕೊಂಡಿರುವುದನ್ನು, ಮೇಸ್ತ್ರಿಯೇ ಒಂದಕ್ಕೆ ಕಲ್ಲು ಆರಿಸಿಕೊಟ್ಟದ್ದನ್ನು ನನಗೆ ಹೇಳುತ್ತ, ಗೋಡೆಯ ಕಡೆ ನೋಡದೆಯೇ ಬಲಗೈಯಿಂದ ರುಮಾಲನ್ನು ಗೂಟಕ್ಕೆ ಹಾಕಿದಳು.

ಆಯಾ ನನ್ನ ಮುಖ ನೋಡಿದಳು, ನಾನು ಆಯಾಳ ಮುಖ ನೋಡಿದೆ. ಆಕೆಯ ಮಾತು ಮುಂದುವರಿದಿತ್ತು. ನಾವಿಬ್ಬರೂ ಅದನ್ನು ತಡೆಯಲಿಲ್ಲ.